ಗಾಳಿ ಸುಧಾರಿಸಿತೋ, ಯಂತ್ರ ಕೆಟ್ಟಿತೋ? ಎಕ್ಯೂಐ ನಂಬುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆ

ಉತ್ತರ ಕರ್ನಾಟಕದ ಒಂದು ನಗರ. ಹೆಸರು ಬೇಡ. ಅಲ್ಲಿನ ಒಂದು ಸರ್ಕಾರಿ ಕಟ್ಟಡದ ಆವರಣದಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರವಿತ್ತು. ಕಂಟೇನರ್‌ನಂಥ ಸಣ್ಣ ಕೋಣೆ, ಒಳಗೆ ಎಸಿ, ಚಾವಣಿಯಿಂದ ಮೇಲಕ್ಕೆ ಎದ್ದ ಕೊಳವೆಗಳು. ಡಿಪ್ಲೊಮಾ ಮುಗಿಸಿದ ಮೇಲೆ ಸುಮಾರು ಎರಡು ವರ್ಷ ಇಂಥ ಕೇಂದ್ರಗಳ ನಿರ್ವಹಣೆಯ ಗುತ್ತಿಗೆ ಪಡೆದಿದ್ದ ಏಜೆನ್ಸಿಯಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ.

ಆ ಆವರಣದ ವಾಚ್‌ಮನ್ ಕಾಕಾ ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳ್ತಿದ್ರು: "ತಮ್ಮಾ, ಇವತ್ತ ಗಾಳಿ ಹ್ಯಾಂಗದ?" ಅವರ ಹೆಂಡತಿಗೆ ದಮ್ಮು. ಗೇಟಿನ ಬಳಿಯ ಡಿಸ್‌ಪ್ಲೇ ಬೋರ್ಡ್‌ನಲ್ಲಿ ಹಸಿರು ಇದ್ದರೆ ಆಯಮ್ಮ ಬೆಳಿಗ್ಗೆ ನಡೆದುಕೊಂಡೇ ಗುಡಿಗೆ ಹೋಗೋದು, ಹಳದಿ ಇದ್ದರೆ ಮನೆಯಲ್ಲೇ ಇರೋದು. ಕಾಕಾ ಮಾಡಿಕೊಂಡಿದ್ದ ನಿಯಮ ಇಷ್ಟೇ.

ಒಂದು ಡಿಸೆಂಬರ್‌ನಲ್ಲಿ ನಾವು ಯಂತ್ರ ಪರೀಕ್ಷಿಸಲು ಬಳಸುವ ಮಾಸ್ಟರ್ ಫ್ಲೋ ಮೀಟರ್ ಕ್ಯಾಲಿಬ್ರೇಶನ್‌ಗೆಂದು ಹೊರಗೆ ಹೋಗಿತ್ತು. ಇದ್ದದ್ದೇ ಒಂದು. ಆ ತಿಂಗಳ ತಪಾಸಣೆ ಹೇಗೆ ಮಾಡೋದು ಅಂತ ಫೋನ್ ಮಾಡಿದೆ. ಮೇಲ್ವಿಚಾರಕರು ಹೇಳಿದ್ದು: "ಹ್ವಾದ ತಿಂಗಳದ್ದ ಹಾಕಿ ಬಿಡಪಾ, ಯಾರ್ ನೋಡ್ತಾರ?" ಹಾಕಿಬಿಟ್ಟೆ. ಲಾಗ್‌ಬುಕ್‌ನಲ್ಲಿ 16.7 ಅಂತ ಬರೆದು ಸಹಿ ಮಾಡಿದೆ. ಜನವರಿಯಲ್ಲೂ ಅದೇ ಆಯಿತು.

ಫೆಬ್ರವರಿಯಲ್ಲಿ ಮೀಟರ್ ವಾಪಸ್ ಬಂತು. ಯಂತ್ರದ ಪರದೆ ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೀತಿದ್ದೇನೆ ಅಂತಿತ್ತು. ಮಾಸ್ಟರ್ ಮೀಟರ್ ತೋರಿಸಿದ್ದು 15.1.

ಎಲ್ಲೋ ನವೆಂಬರ್ ಮತ್ತು ಫೆಬ್ರವರಿಯ ಮಧ್ಯೆ ಯಂತ್ರ ದಾರಿ ತಪ್ಪಿತ್ತು. ಯಾವ ದಿನ ಅಂತ ಹೇಳಬಲ್ಲ ದಾಖಲೆಯೇ ಇರಲಿಲ್ಲ. ಯಾಕಂದ್ರೆ ಆ ದಾಖಲೆ ಬರೆಯಬೇಕಾಗಿದ್ದವನು ನಾನೇ.

ಈ ಲೇಖನ ಆ 15.1ರ ಬಗ್ಗೆ.

ಆ್ಯಪ್‌ನಲ್ಲಿ ಕಾಣುವ ಅಂಕಿ ಎಲ್ಲಿಂದ ಬರುತ್ತೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ತೆರೆದರೆ ಪೀಣ್ಯ, ಸಿಲ್ಕ್ ಬೋರ್ಡ್, ಹೆಬ್ಬಾಳ ಅಂತ ಹೆಸರುಗಳು, ಪಕ್ಕದಲ್ಲಿ ಬಣ್ಣದ ಚೌಕದಲ್ಲಿ ಒಂದು ಅಂಕಿ ಕಾಣುತ್ತೆ. ಅದೇ ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕ. ನಮ್ಮ ದೇಶದಲ್ಲಿ ಈ ಸೂಚ್ಯಂಕ ಬಳಕೆಗೆ ಬಂದದ್ದು 2014–15ರಲ್ಲಿ. ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಇರಬೇಕು, ಅದರಲ್ಲೊಂದು ಪಿಎಂ 2.5 ಅಥವಾ ಪಿಎಂ 10 ಆಗಿರಲೇಬೇಕು, ಕನಿಷ್ಠ 16 ಗಂಟೆಯ ಡೇಟಾ ಬೇಕು. ಇಷ್ಟಿದ್ದರೆ ಸೂಚ್ಯಂಕ ಲೆಕ್ಕ ಹಾಕಬಹುದು.

ಡೇಟಾ ಎಷ್ಟು ಗಂಟೆಯದು ಅನ್ನೋದನ್ನು ಈ ನಿಯಮ ನೋಡುತ್ತೆ. ಆ ಡೇಟಾ ಸರಿಯಿದೆಯೇ ಅನ್ನೋದನ್ನು ನೋಡಬೇಕಾದ್ದು ಇನ್ನೊಂದು ಕೆಲಸ. ಅದಕ್ಕೆ ಗುಣಮಟ್ಟ ಖಾತರಿ ತಪಾಸಣೆ ಅಂತಾರೆ. ಗ್ಲಾಮರ್ ಇಲ್ಲದ, ಏಣಿ ಹತ್ತಿ ಕೈ ಕೊಳೆ ಮಾಡಿಕೊಳ್ಳುವ ಕೆಲಸ.

ಪಿಎಂ 2.5 ಅಳೆಯಲು ನಮ್ಮ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರೋದು 'ಬ್ಯಾಮ್' ಅನ್ನೋ ಯಂತ್ರ. ಬೀಟಾ ಕಿರಣದಿಂದ ಧೂಳನ್ನು ತೂಗುವ ಯಂತ್ರ ಅಂತ ಇಟ್ಟುಕೊಳ್ಳಿ. ಒಳಗೆ ಹಳೇ ಕಾಲದ ಕ್ಯಾಸೆಟ್‌ನ ಹಾಗೆ ಸುತ್ತುವ ಫಿಲ್ಟರ್ ಕಾಗದದ ಸುರುಳಿ. ಮೊದಲು ಸ್ವಚ್ಛ ಕಾಗದದ ಮೂಲಕ ಬೀಟಾ ಕಿರಣ ಹಾಯಿಸಿ ಎಷ್ಟು ದಾಟಿತು ಅಂತ ನೋಡುತ್ತೆ. ಆಮೇಲೆ ಅದೇ ಜಾಗದ ಮೇಲೆ ಹೊರಗಿನ ಗಾಳಿ ಎಳೆದು ಧೂಳು ಕೂರಿಸುತ್ತೆ. ಮತ್ತೆ ಕಿರಣ ಹಾಯಿಸುತ್ತೆ. ಈ ಸಲ ದಾಟೋದು ಕಡಿಮೆ. ಎಷ್ಟು ಕಡಿಮೆಯಾಯಿತೋ ಅದರಿಂದ ಧೂಳಿನ ತೂಕ ಸಿಗುತ್ತೆ.

ತೂಕ ಸಿಕ್ಕರೆ ಸಾಲದು. ಎಷ್ಟು ಗಾಳಿಯಲ್ಲಿ ಅಷ್ಟು ಧೂಳಿತ್ತು ಅಂತ ಗೊತ್ತಾಗಬೇಕು. ಯಂತ್ರ ನಿಮಿಷಕ್ಕೆ 16.7 ಲೀಟರ್ ಎಳೆಯಬೇಕು. ಈ ವೇಗದಲ್ಲಿ ಗಂಟೆಯಿಡೀ ಎಳೆದರೆ ಲೆಕ್ಕಕ್ಕೆ 1 ಘನ ಮೀಟರ್ ಗಾಳಿ. ಧೂಳಿನ ತೂಕವನ್ನು ಗಾಳಿಯ ಗಾತ್ರದಿಂದ ಭಾಗಿಸಿದರೆ ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಅನ್ನುವ ಅಂಕಿ ಬರುತ್ತೆ. ಭಾಗಾಕಾರದ ಕೆಳಗಿನ ಸಂಖ್ಯೆ ತಪ್ಪಿದರೆ ಉತ್ತರವೂ ತಪ್ಪು. ಐದನೇ ಕ್ಲಾಸಿನ ಗಣಿತ.

15.1 ಅಂದರೆ ಏನಾಗುತ್ತೆ?

ನನ್ನ ಯಂತ್ರ 16.7 ಲೀಟರ್ ಎಳೆದೆ ಅಂತ ನಂಬಿತ್ತು, ನಿಜಕ್ಕೂ ಎಳೆದದ್ದು 15.1. ಶೇ. 10ರಷ್ಟು ಕಡಿಮೆ. ಹೊರಗೆ ಪಿಎಂ 2.5 ಪ್ರಮಾಣ 65 ಮೈಕ್ರೋಗ್ರಾಂ ಇದ್ದ ದಿನ ಅದು ತೋರಿಸುವುದು ಸುಮಾರು 59.

ಆರು ಮೈಕ್ರೋಗ್ರಾಂ ಯಾವ ಲೆಕ್ಕ ಅನಿಸಬಹುದು. ಆದರೆ 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 2.5ರ 24 ಗಂಟೆಯ ಮಿತಿ 60. ಎಕ್ಯೂಐ ಪಟ್ಟಿಯಲ್ಲೂ 31ರಿಂದ 60ರವರೆಗೆ 'ತೃಪ್ತಿಕರ', ಬಣ್ಣ ತಿಳಿಹಸಿರು. 61ರಿಂದ 90ರವರೆಗೆ 'ಮಧ್ಯಮ', ಬಣ್ಣ ಹಳದಿ. ಉಸಿರಾಟದ ತೊಂದರೆ ಇರುವವರಿಗೆ ಎಚ್ಚರಿಕೆ ಶುರುವಾಗೋದು ಈ ಹಳದಿಯಿಂದ. ಅಂದರೆ ಅಂಥ ದಿನ ಬೋರ್ಡ್ ಹಸಿರಿರುತ್ತೆ, ಕಾಕಾ ಹೆಂಡತಿ ಗುಡಿಗೆ ಹೊರಡ್ತಾರೆ.

ವಿಷಯ ಇಷ್ಟು ಸರಳವೂ ಅಲ್ಲ. ಕೊಳವೆಯ ದಾರಿಯಲ್ಲಿ 'ಸೈಕ್ಲೋನ್' ಅನ್ನೋ ಭಾಗವಿದೆ. ಅದು ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಕಣಗಳನ್ನು ಪಕ್ಕಕ್ಕೆ ಎಸೆದು 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು ಮಾತ್ರ ಮುಂದೆ ಬಿಡಬೇಕು. ಜರಡಿಯ ಕೆಲಸ. ಆದರೆ ಈ ಜರಡಿಯ ತೂತಿನ ಅಳತೆ ನಿಂತಿರೋದು ಗಾಳಿಯ ವೇಗದ ಮೇಲೆ. ವೇಗ ಕಮ್ಮಿಯಾದರೆ ತೂತು ದೊಡ್ಡದಾದಂತೆ, ದಪ್ಪ ಕಣಗಳೂ ಒಳಗೆ ನುಗ್ಗುತ್ತವೆ. ಆಗ ಅಂಕಿ ಮೇಲಕ್ಕೂ ಹೋಗಬಹುದು. ಅಂದರೆ ಒಂದೇ ದೋಷ ಅಂಕಿಯನ್ನು ಎರಡೂ ಕಡೆಗೆ ಎಳೆಯುತ್ತೆ. ರಸ್ತೆ ಧೂಳು ಹೆಚ್ಚಿರುವ ಊರಲ್ಲಿ ಒಂದು ಥರ, ಹೊಗೆ ಹೆಚ್ಚಿರುವ ಊರಲ್ಲಿ ಇನ್ನೊಂದು ಥರ. ಕೂತಲ್ಲೇ ಊಹಿಸಿ 'ಶೇ. 10 ಸೇರಿಸಿಬಿಡೋಣ' ಅನ್ನೋಕೆ ಆಗಲ್ಲ. ಹಾಗಾಗಿಯೇ ತಪಾಸಣೆ ಬೇಕು.

ತಪಾಸಣೆ ಅಂದರೆ ಏನೇನು ಮಾಡ್ತಾರೆ?

ನಿಮ್ಮೂರಿನ ಕಿರಾಣಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತೆ. ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ. ಒಂದು ಕಿಲೋ ಬೇಳೆ ತೂಗುವುದಕ್ಕೆ ಇಷ್ಟು ಕಾವಲಿದೆ. ಗಾಳಿ ತೂಗುವ ತಕ್ಕಡಿಗೂ ಹೀಗೊಂದು ದಿನಚರಿ ಇದೆ.

ಮೊದಲನೆಯದು ಶುಚಿ. ಚಾವಣಿ ಮೇಲಿನ ಇನ್‌ಲೆಟ್ ಬಿಚ್ಚಿದರೆ ಜೇಡರ ಬಲೆ, ಸತ್ತ ಹುಳ, ಮಳೆಗಾಲದಲ್ಲಿ ನೀರು ಸಿಗುತ್ತೆ. ಸೈಕ್ಲೋನ್ ಒಳಗೆ ಧೂಳು ಗಟ್ಟಿಯಾಗಿ ಕೂತಿರುತ್ತೆ. ಇದನ್ನೆಲ್ಲ ಒರೆಸಬೇಕು. ಕಾಗದ ಒತ್ತಿ ಹಿಡಿಯುವ ನಾಝಲ್ ಮೇಲೆ ನಾರಿನ ಚೂರು ಕೂತಿದ್ದರೆ ಅದು ಕಾಗದದಲ್ಲಿ ಸೂಜಿಮೊನೆಯಷ್ಟು ತೂತು ಮಾಡುತ್ತೆ. ಅಲ್ಲಿಗೆ ಅಳತೆ ಕೆಟ್ಟಂತೆ.

ಎರಡನೆಯದು ಲೀಕ್ ಚೆಕ್. ಮೇಲಿನ ಬಾಯಿ ಮುಚ್ಚಿದರೆ ಯಂತ್ರಕ್ಕೆ ಗಾಳಿಯೇ ಸಿಗಬಾರದು, ಪರದೆಯ ಮೇಲಿನ ಫ್ಲೋ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ಬೀಳದಿದ್ದರೆ ಎಲ್ಲೋ ಸೋರಿಕೆ ಇದೆ, ಯಂತ್ರ ಕೋಣೆಯ ಒಳಗಿನ ಗಾಳಿಯನ್ನೇ ಕದ್ದು ಕುಡೀತಿದೆ ಅಂತ ಅರ್ಥ. ಎಸಿ ಕೋಣೆಯ ಗಾಳಿ ಅಳೆದು ಊರಿನ ಗಾಳಿ ಚೆನ್ನಾಗಿದೆ ಅಂದಹಾಗೆ.

ಮೂರನೆಯದು ಫ್ಲೋ ಚೆಕ್. ನಾನು ಮಾಡದೇ ಬಿಟ್ಟಿದ್ದು ಇದೇ. ಯಂತ್ರದ ಪರದೆಯನ್ನು ನಂಬದೆ ಹೊರಗಿನಿಂದ ಒಂದು ಮಾಸ್ಟರ್ ಮೀಟರ್ ಜೋಡಿಸಿ ನೋಡೋದು. ಆ ಮಾಸ್ಟರ್ ಕೂಡ ಕಾಲಕಾಲಕ್ಕೆ ತನಗಿಂತ ಮೇಲಿನ ಒಂದು ಮಾಸ್ಟರ್ ಎದುರು ಪರೀಕ್ಷೆಗೆ ನಿಲ್ಲಬೇಕು, ಅದು ಇನ್ನೂ ಮೇಲಿನದರ ಎದುರು. ಈ ಸರಪಳಿ ನಮ್ಮ ದೇಶದಲ್ಲಿ ಹೋಗಿ ಮುಟ್ಟೋದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ, ಅಂದರೆ ಎನ್‌ಪಿಎಲ್‌ಗೆ. ಗಾಳಿ ಅಳೆಯುವ ಉಪಕರಣಗಳಿಗೆ ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ಸಂಸ್ಥೆ ಅಂತ 2019ರಲ್ಲಿ ಕೇಂದ್ರ ಸರ್ಕಾರ ಎನ್‌ಪಿಎಲ್ ಅನ್ನು ಗೊತ್ತುಮಾಡಿತು. ಸರಪಳಿಯ ಒಂದು ಕೊಂಡಿ ತಪ್ಪಿದರೂ ಕೆಳಗಿನ ಅಂಕಿಗೆ ಆಧಾರವಿಲ್ಲ.

ನಾಲ್ಕನೆಯದು ಉಷ್ಣಾಂಶ ಮತ್ತು ಒತ್ತಡದ ಸೆನ್ಸರ್‌ಗಳು. ಬಿಸಿಗೆ ಗಾಳಿ ಹಿಗ್ಗುತ್ತೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಂಥ ಊರಲ್ಲಿ ಈ ಸೆನ್ಸರ್ ತಪ್ಪಿದರೆ ಗಾಳಿಯ ಗಾತ್ರದ ಲೆಕ್ಕವೇ ತಪ್ಪು.

ಐದನೆಯದು ಸೊನ್ನೆ ಪರೀಕ್ಷೆ. ಇನ್‌ಲೆಟ್‌ಗೆ ಧೂಳೇ ಒಳಗೆ ಬಿಡದ ಹೆಪಾ ಫಿಲ್ಟರ್ ಹಾಕಿ ಬ್ಯಾಮ್ ಅನ್ನು 72 ಗಂಟೆ ಓಡಿಸೋದು. ಧೂಳೇ ಇಲ್ಲದಾಗ ಯಂತ್ರ ಸೊನ್ನೆ ಅನ್ನಬೇಕು. ಮೂರೋ ನಾಲ್ಕೋ ಅಂದರೆ ಅದು ಯಂತ್ರದ ಹುಟ್ಟುಗುಣ, ಆ ಮೂರು ನಾಲ್ಕನ್ನು ಪ್ರತಿ ಓದಿನಲ್ಲೂ ಸರಿದೂಗಿಸಬೇಕು.

ಇನ್ನು ಅನಿಲಗಳು. ಓಝೋನ್, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರಗಳಿಗೆ 'ಝೀರೋ' ಮತ್ತು 'ಸ್ಪ್ಯಾನ್' ಅಂತ ಎರಡು ಪರೀಕ್ಷೆ. ಮೊದಲು ಪೂರ್ತಿ ಶುದ್ಧ ಗಾಳಿ ಕೊಟ್ಟು ಸೊನ್ನೆ ಬರುತ್ತಾ ನೋಡೋದು. ಆಮೇಲೆ ಎಷ್ಟು ಪ್ರಮಾಣ ಅಂತ ಮೊದಲೇ ಗೊತ್ತಿರುವ ಅನಿಲ ಕೊಟ್ಟು ಅದೇ ಅಂಕಿ ಬರುತ್ತಾ ನೋಡೋದು. ಆ ಗೊತ್ತಿರುವ ಅನಿಲದ ಸಿಲಿಂಡರಿಗೆ ಪ್ರಮಾಣಪತ್ರ ಇರುತ್ತೆ, ಔಷಧದ ಬಾಟಲಿಯ ಹಾಗೆ ಎಕ್ಸ್‌ಪೈರಿ ದಿನಾಂಕವೂ ಇರುತ್ತೆ. ಅವಧಿ ಮುಗಿದ ಸಿಲಿಂಡರ್‌ನಿಂದ ಪರೀಕ್ಷೆ ಮಾಡಿದರೆ ನಿಂತ ಗಡಿಯಾರ ನೋಡಿ ಇನ್ನೊಂದು ಗಡಿಯಾರ ಸರಿ ಮಾಡಿದಂತೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಲ್ಲಿ ಇದಕ್ಕೆಲ್ಲ ಗಡುವಿದೆ. ಅನಿಲ ಯಂತ್ರಗಳನ್ನು ಎರಡು ವಾರಕ್ಕೊಮ್ಮೆ ನೋಡಬೇಕು. ಓಝೋನ್ ಶೇ. 7ಕ್ಕಿಂತ ಹೆಚ್ಚು ತಪ್ಪಬಾರದು, ಗಂಧಕದ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಶೇ. 10, ಸಾರಜನಕದ ಡೈಆಕ್ಸೈಡ್ ಶೇ. 15. ಪಿಎಂ ಯಂತ್ರದ ಫ್ಲೋ ತಿಂಗಳಿಗೊಮ್ಮೆ ನೋಡಬೇಕು, ಮಾಸ್ಟರ್ ಮೀಟರಿಗಿಂತ ಹೆಚ್ಚೆಂದರೆ ಶೇ. 4ರಷ್ಟು ವ್ಯತ್ಯಾಸ ನಡೆಯುತ್ತೆ. ಅದಲ್ಲದೆ ವರ್ಷಕ್ಕೆ ಎರಡು ಸಲ ಬೇರೆ ಮೀಟರ್ ತಂದು, ಆದಷ್ಟು ಬೇರೆಯವರಿಂದ ಆಡಿಟ್. ನನ್ನ ಯಂತ್ರ ತಪ್ಪಿದ್ದು ಈ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು.

ನಮ್ಮಲ್ಲೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಗಳಲ್ಲಿ ಕ್ಯಾಲಿಬ್ರೇಶನ್, ಝೀರೋ–ಸ್ಪ್ಯಾನ್ ಎಲ್ಲ ಇದೆ. ಕಾಗದದ ಮೇಲೆ ಕೊರತೆಯೇನೂ ಇಲ್ಲ.

ಮುಟ್ಟುವ ಮೊದಲು ಬರೆದಿಡು

ಈ ಕೆಲಸದಲ್ಲಿ ನನಗೆ ಕಲಿಸಿದ ಹಿರಿಯ ಟೆಕ್ನಿಷಿಯನ್ ಒಬ್ಬರು ಒಂದು ಮಾತು ಹೇಳ್ತಿದ್ರು: ಯಂತ್ರ ಸರಿ ಮಾಡೋದು ಎರಡನೇ ಕೆಲಸ, ಅದು ಹೇಗಿತ್ತು ಅಂತ ಬರೆಯೋದು ಮೊದಲನೇ ಕೆಲಸ.

ಯಾಕೆ ಗೊತ್ತಾ? ತಪಾಸಣೆಯ ಉದ್ದೇಶ ಇವತ್ತಿನಿಂದ ಯಂತ್ರ ಸರಿ ಹೋಗಲಿ ಅನ್ನೋದಷ್ಟೇ ಆಗಿದ್ದರೆ ಸ್ಕ್ರೂ ತಿರುಗಿಸಿ ಹೋಗಬಹುದಿತ್ತು. ಆದರೆ ಇವತ್ತು ಯಂತ್ರ ತಪ್ಪಿದೆ ಅಂತ ಗೊತ್ತಾದ ಕೂಡಲೇ ಹಿಂದಿನ ಡೇಟಾದ ಪ್ರಶ್ನೆ ಏಳುತ್ತೆ. ಹಿಂದಿನ ಸಲ ಸರಿಯಿದೆ ಅಂತ ನೋಡಿದ ದಿನದಿಂದ ಇವತ್ತಿನವರೆಗಿನ ಪ್ರತಿಯೊಂದು ಗಂಟೆಯ ಅಂಕಿಯೂ ಅನುಮಾನಕ್ಕೆ ಒಳಗಾಗುತ್ತೆ. ತಿಂಗಳಿಗೊಮ್ಮೆ ನೋಡ್ತಿದ್ದರೆ ಹೆಚ್ಚೆಂದರೆ ಒಂದು ತಿಂಗಳ ಡೇಟಾ ಹೋಗುತ್ತೆ. ಮೂರು ತಿಂಗಳು ನೋಡದಿದ್ದರೆ ಮೂರು ತಿಂಗಳು.

ನನ್ನ ಕಥೆಯಲ್ಲಿ ಹೋಗಬೇಕಿದ್ದದ್ದು ನವೆಂಬರ್‌ನಿಂದ ಫೆಬ್ರವರಿವರೆಗಿನದು. ಅದೂ ಚಳಿಗಾಲ, ಧೂಳು ಕೆಳಗೇ ಕೂರುವ ಕಾಲ. ಆ ಡೇಟಾಗೆ 'ಸಂಶಯಾಸ್ಪದ' ಅಂತ ಗುರುತು ಹಾಕಬೇಕು ಅಂತ ನಾನು ಮೇಲ್ವಿಚಾರಕರಿಗೆ ಹೇಳಿದೆ. "ಈಗ ಸರಿ ಮಾಡಿದಿ ಇಲ್ಲ? ಸಾಕು" ಅಂದ್ರು. 15.1 ಅನ್ನೋದು ಲಾಗ್‌ಬುಕ್ ಸೇರಲೇ ಇಲ್ಲ. ಸೇರಿದ್ದು 16.7. ಮೂರು ತಿಂಗಳ ಅಂಕಿಗಳು ಯಾವ ಗುರುತೂ ಇಲ್ಲದೆ ಸರ್ವರ್‌ನಲ್ಲಿ ಹಾಗೇ ಉಳಿದವು. ವರ್ಷದ ಸರಾಸರಿಗೂ ಸೇರಿದವು.

ಮೇಲ್ವಿಚಾರಕರನ್ನು ಖಳನಾಯಕ ಮಾಡೋದು ಸುಲಭ. ಆದರೆ ಅವರ ಮೇಲೆ ಇದ್ದ ಒತ್ತಡ ಏನು ಗೊತ್ತಾ? ನಮ್ಮ ಗುತ್ತಿಗೆಯಲ್ಲಿ ಬಿಲ್ ಪಾಸಾಗುತ್ತಿದ್ದದ್ದು ಡೇಟಾ ಎಷ್ಟು ಶೇಕಡಾ ಲಭ್ಯವಿತ್ತು ಅನ್ನುವ ಲೆಕ್ಕದ ಮೇಲೆ. ಗುರಿಗಿಂತ ಕಮ್ಮಿಯಾದರೆ ಕಡಿತ. ಸೊನ್ನೆ ಪರೀಕ್ಷೆಗೆ ಯಂತ್ರ 72 ಗಂಟೆ ನಿಂತರೆ ಆ ತಿಂಗಳ ಲಭ್ಯತೆಯಲ್ಲಿ ಮೂರು ದಿನ ಹೋಯಿತು. ತಪ್ಪು ಡೇಟಾ ಅಂತ ಗುರುತು ಹಾಕಿದರೆ ಇನ್ನೂ ಹೋಯಿತು. ಸರಿಯೋ ತಪ್ಪೋ, ಅಂಕಿ ಬರ್ತಾ ಇದ್ದರೆ ದುಡ್ಡು ಬರುತ್ತೆ. ಪ್ರಾಮಾಣಿಕವಾಗಿ ತಪಾಸಣೆ ಮಾಡಿದವನಿಗೆ ನಷ್ಟ, ಮಾಡದವನಿಗೆ ಪೂರ್ತಿ ಬಿಲ್. ತಿಂಗಳಿಗೆ ಹದಿನೈದು ಸಾವಿರಕ್ಕೆ ದುಡಿಯುವ, ನಾಳೆ ಇರ್ತೀನೋ ಇಲ್ವೋ ಗೊತ್ತಿಲ್ಲದ ಗುತ್ತಿಗೆ ಹುಡುಗ ಇಂಥ ವ್ಯವಸ್ಥೆಯಲ್ಲಿ ಎದೆಗೊಟ್ಟು ನಿಲ್ಲಲಿ ಅಂತ ಹೇಳೋದು ಸುಲಭ. ನಾನು ನಿಲ್ಲಲಿಲ್ಲ.

ಇದು ಯಾಕೆ ರಾಜಕೀಯ ಪ್ರಶ್ನೆ?

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. 2017ಕ್ಕೆ ಹೋಲಿಸಿದರೆ 2024ರೊಳಗೆ ಧೂಳಿನ ಕಣಗಳನ್ನು ಶೇ. 20ರಿಂದ 30ರಷ್ಟು ಇಳಿಸೋದು ಗುರಿಯಾಗಿತ್ತು. ಆಮೇಲೆ ಅದನ್ನು 2025–26ರೊಳಗೆ ಶೇ. 40ರವರೆಗೆ ಅಂತ ಏರಿಸಿದರು. ಈ ಕಾರ್ಯಕ್ರಮದ ನಗರಗಳಲ್ಲಿ ಕರ್ನಾಟಕದವು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ.

ಈಗ ಲೆಕ್ಕ ನೋಡಿ. ಮೂಲ ಗುರಿಯ ಕೆಳಗಿನ ಮಿತಿ ಶೇ. 20. ನನ್ನ ಯಂತ್ರ ತಪ್ಪಿದ್ದು ಶೇ. 10. ಒಂದು ಸೆನ್ಸರ್ ಜಾರಿದ್ದಕ್ಕೆ ಐದು ವರ್ಷದ ರಾಷ್ಟ್ರೀಯ ಗುರಿಯ ಅರ್ಧದಷ್ಟು 'ಸುಧಾರಣೆ' ಬಂದುಬಿಡಬಹುದು. ಒಂದು ಬಸ್ ಹೆಚ್ಚು ಓಡಿಸದೆ, ಒಂದು ಕಸದ ರಾಶಿಗೆ ಹಚ್ಚಿದ ಬೆಂಕಿ ಆರಿಸದೆ! ಒಂದು ನಗರದ ಸರಾಸರಿಗೆ ಹಲವು ಕೇಂದ್ರಗಳಿದ್ದರೆ ಒಂದರ ತಪ್ಪು ತಕ್ಕಮಟ್ಟಿಗೆ ಮುಳುಗಿಹೋಗುತ್ತೆ. ಆದರೆ ನಮ್ಮ ಎಷ್ಟೋ ಊರುಗಳಲ್ಲಿ ಸತತವಾಗಿ ಅಳೆಯುವ ಕೇಂದ್ರ ಒಂದೋ ಎರಡೋ. ಅಲ್ಲಿ ಒಂದು ಯಂತ್ರ ತಪ್ಪಿದರೆ ಊರೇ ತಪ್ಪಿದಂತೆ.

ಇದರ ಹಿಂದೆ ಹಣವಿದೆ. 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಅನುದಾನದ ಒಂದು ಭಾಗವನ್ನು ಗಾಳಿಯ ಗುಣಮಟ್ಟದ ಸುಧಾರಣೆಗೆ ಜೋಡಿಸಿತು. ಅಂಕಿ ಇಳಿದರೆ ದುಡ್ಡು. ಉದ್ದೇಶ ಒಳ್ಳೆಯದೇ. ಆದರೆ ಅಂಕಿಗೆ ದುಡ್ಡು ಕಟ್ಟಿದ ಮೇಲೆ ಆ ಅಂಕಿ ಹುಟ್ಟುವ ಯಂತ್ರಕ್ಕೆ ದುಪ್ಪಟ್ಟು ಕಾವಲು ಬೇಕಲ್ವಾ?

ಕಾವಲಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಚೀನಾದ ಶಿಆನ್ ನಗರದ ಉದಾಹರಣೆ ಇದೆ. 2016ರಲ್ಲಿ ಅಲ್ಲಿನ ಪರಿಸರ ಇಲಾಖೆಯ ಅಧಿಕಾರಿಗಳೇ ಅಳತೆ ಕೇಂದ್ರದ ಯಂತ್ರದ ಬಾಯಿಗೆ ಹತ್ತಿಯ ನೂಲು ತುರುಕಿ ಅಂಕಿ ಇಳಿಸಿದ್ದು ಬಯಲಾಯಿತು. ಮರುವರ್ಷ ಜೈಲು ಶಿಕ್ಷೆಯೂ ಆಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ದೆಹಲಿಯಲ್ಲಂತೂ ಅಂಕಿ ನೇರವಾಗಿ ಹೊಟ್ಟೆಗೆ ಸಂಬಂಧಿಸಿದ್ದು. ಅಲ್ಲಿ ಎಕ್ಯೂಐ 401 ದಾಟಿದರೆ ಹಂತ ಹಂತದ ನಿರ್ಬಂಧಗಳ ಮೂರನೇ ಹಂತ ಶುರುವಾಗುತ್ತೆ. ಕಟ್ಟಡ ಕೆಲಸಗಳಿಗೆ ತಡೆ ಬೀಳುತ್ತೆ, ಹಳೇ ವಾಹನಗಳು ರಸ್ತೆಗೆ ಇಳಿಯುವಂತಿಲ್ಲ. ಅಂಕಿ ತಪ್ಪಾಗಿ ಮೇಲೆ ಹೋದರೆ ದಿನಗೂಲಿಯವನ ಕೂಲಿ ಹೋಗುತ್ತೆ. ತಪ್ಪಾಗಿ ಕೆಳಗೆ ಇಳಿದರೆ ಅದೇ ಕೂಲಿಯವನ ಶ್ವಾಸಕೋಶ ಹೋಗುತ್ತೆ. ಎರಡೂ ಕಡೆ ಪೆಟ್ಟು ತಿನ್ನೋದು ಅವನೇ.

2025ರಲ್ಲಿ ಸದನದ ಮುಂದೆ ಬಂದ ದೆಹಲಿಯ ವಾಹನ ಮಾಲಿನ್ಯ ಕುರಿತ ಸಿಎಜಿ ವರದಿ, ಅಲ್ಲಿನ ಅಳತೆ ಕೇಂದ್ರಗಳಿರುವ ಜಾಗ ಮಾನದಂಡಕ್ಕೆ ತಕ್ಕಂತೆ ಇಲ್ಲ, ಹಾಗಾಗಿ ಎಕ್ಯೂಐ ನಿಖರತೆಯೇ ಅನುಮಾನ ಅಂತ ಹೇಳಿತು. ಅದೇ ವರ್ಷದ ದೀಪಾವಳಿಯ ನಂತರ ಕೇಂದ್ರಗಳ ಸುತ್ತ ಟ್ಯಾಂಕರ್‌ನಿಂದ ನೀರು ಚಿಮುಕಿಸಿ ಅಂಕಿ ಇಳಿಸಲಾಗುತ್ತಿದೆ ಅಂತ ವಿರೋಧ ಪಕ್ಷ ಆರೋಪಿಸಿತು, ಸರ್ಕಾರ ಅಲ್ಲಗಳೆಯಿತು. ದೀಪಾವಳಿಯ ದಿನ 37 ಕೇಂದ್ರಗಳಲ್ಲಿ ಸತತವಾಗಿ ನಡೆದದ್ದು 9 ಮಾತ್ರ ಅಂತ ಪತ್ರಿಕಾ ವರದಿ ಇದೆ ಎಂದು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅಮಿಕಸ್ ಕ್ಯೂರಿ ತಿಳಿಸಿದರು. ಆರೋಪ, ನಿರಾಕರಣೆ, ಟಿವಿ ಚರ್ಚೆ ಎಲ್ಲ ಆಯಿತು. ತಪಾಸಣೆಯ ದಾಖಲೆಗಳು ಎಲ್ಲರಿಗೂ ಕಾಣುವಂತಿದ್ದರೆ ಆ ಚರ್ಚೆಯ ಅರ್ಧ ಭಾಗ ಬೇಕಾಗುತ್ತಲೇ ಇರಲಿಲ್ಲ.

ಇನ್ನೊಂದು ಬೆಳವಣಿಗೆಯೂ ಆಗಿದೆ. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಹೈದರಾಬಾದ್‌ಗಳ ಅಮೆರಿಕನ್ ರಾಯಭಾರ ಕಚೇರಿ ಮತ್ತು ದೂತಾವಾಸಗಳಲ್ಲಿ ಅವರದೇ ಪಿಎಂ 2.5 ಯಂತ್ರಗಳಿದ್ದವು. ನಮ್ಮ ಅಂಕಿಯನ್ನು ಹೋಲಿಸಿ ನೋಡಲು ಅದೊಂದು ಎರಡನೇ ತಕ್ಕಡಿ. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಆ ಅಂಕಿಗಳನ್ನು ಹಂಚೋದನ್ನು ನಿಲ್ಲಿಸಿತು. ಈಗ ನಮ್ಮ ತಕ್ಕಡಿಯನ್ನು ನಾವೇ ನೋಡಿಕೊಳ್ಳಬೇಕು.

ಹಾಗಾದ್ರೆ ಎಲ್ಲಾ ಡೇಟಾ ಸುಳ್ಳಾ?

ಅಲ್ಲ. ಇಲ್ಲೇ ನಾವು ಹುಷಾರಾಗಿರಬೇಕು. 'ಯಂತ್ರವೇ ಸರಿಯಿಲ್ಲ' ಅನ್ನೋದು ಮಾಲಿನ್ಯ ಮಾಡುವವರಿಗೆ ಬಹಳ ಇಷ್ಟದ ವಾದ. ಕಾರ್ಖಾನೆ ಪಕ್ಕದ ಕೇಂದ್ರದಲ್ಲಿ ಅಂಕಿ ಏರಿದಾಗ ಮೊದಲು ಬರುವ ಉತ್ತರ ಇದೇ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ ಇರಲಿ ಅಂದಿದೆ. ನಮ್ಮ ದೇಶದ ಮಿತಿಯೇ 40, ಎಂಟು ಪಟ್ಟು. ಶೇ. 10ರ ಯಂತ್ರ ದೋಷ ಈ ಎಂಟು ಪಟ್ಟಿನ ಅಂತರವನ್ನು ಅಳಿಸಲ್ಲ. ನಮ್ಮ ನಗರಗಳ ಗಾಳಿ ಕೆಟ್ಟಿದೆ ಅನ್ನೋದರಲ್ಲಿ ಅನುಮಾನ ಬೇಡ. ತಪಾಸಣೆ ಬೇಕಾಗಿರೋದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಗಳಿಗೆ: ಹೋದ ವರ್ಷಕ್ಕಿಂತ ಈ ವರ್ಷ ಕಮ್ಮಿಯಾಯಿತಾ? ಆ ಫ್ಲೈಓವರ್‌ನಿಂದ, ಆ ಯೋಜನೆಯಿಂದ ಲಾಭವಾಯಿತಾ? ಖರ್ಚು ಮಾಡಿದ ಕೋಟಿಗಳಿಗೆ ಫಲ ಸಿಕ್ಕಿತಾ? ಸರ್ಕಾರಗಳು ಬೆನ್ನು ತಟ್ಟಿಕೊಳ್ಳೋದು ಶೇ. 8, ಶೇ. 12ರ ಇಳಿಕೆಗೆ. ಅಲ್ಲಿ ಶೇ. 10ರ ದೋಷ ಇಡೀ ಕಥೆಯನ್ನೇ ತಿರುಗಿಸುತ್ತೆ.

ಹಾಗಾಗಿ ಆ್ಯಪ್ ಹೇಳಿದ್ದೆಲ್ಲ ನಿಜ ಅನ್ನೋದೂ ಬೇಡ, ಎಲ್ಲ ಬೋಗಸ್ ಅನ್ನೋದೂ ಬೇಡ. ಅಂಕಿಯ ಜೊತೆ ಅದರ ದಾಖಲೆಯನ್ನೂ ಕೇಳೋಣ.

ನಾವು ಕೇಳಬೇಕಾದದ್ದು

ಅಮೆರಿಕದಲ್ಲಿ ರಾಜ್ಯಗಳು ಹಿಂದಿನ ವರ್ಷದ ಡೇಟಾ ಸರಿಯಿದೆ ಅಂತ ಪ್ರತಿ ವರ್ಷ ಮೇ 1ರೊಳಗೆ ಲಿಖಿತವಾಗಿ ದೃಢೀಕರಿಸಬೇಕು. ಫ್ಲೋ ತಪಾಸಣೆಯ ಫಲಿತಾಂಶಗಳನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ನಮ್ಮ ಆ್ಯಪ್‌ನಲ್ಲಿ ಅಂಕಿ ಕಾಣುತ್ತೆ, ಯಂತ್ರವನ್ನು ಕೊನೆಯ ಸಲ ನೋಡಿದ್ದು ಯಾವಾಗ ಅನ್ನೋದು ಕಾಣಲ್ಲ. ಲಿಫ್ಟ್ ಒಳಗೆ, ಅಂಗಡಿ ತಕ್ಕಡಿ ಮೇಲೆ ಇರುವ ದಿನಾಂಕ ಇಲ್ಲಿಲ್ಲ.

ಅದು ಬರುವವರೆಗೆ ನಮ್ಮ ಕೈಯಲ್ಲಿ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ನಿಮ್ಮೂರಿನ ಒಂದು ಕೇಂದ್ರದ ಹೆಸರು ಬರೆದು ಹೀಗೆ ಕೇಳಿ:

– ಕಳೆದ 12 ತಿಂಗಳಲ್ಲಿ ಪಿಎಂ ಯಂತ್ರದ ಫ್ಲೋ ಮತ್ತು ಲೀಕ್ ತಪಾಸಣೆ ನಡೆದ ದಿನಾಂಕಗಳು ಮತ್ತು ಲಾಗ್‌ಬುಕ್ ಪ್ರತಿ.
– ಪ್ರತಿ ಸಲ ಹೊಂದಿಸುವ ಮೊದಲು ಇದ್ದ ಓದು ಮತ್ತು ಹೊಂದಿಸಿದ ನಂತರದ ಓದು.
– ತಪಾಸಣೆಗೆ ಬಳಸಿದ ಮಾಸ್ಟರ್ ಮೀಟರ್ ಮತ್ತು ಅನಿಲ ಸಿಲಿಂಡರ್‌ಗಳ ಪ್ರಮಾಣಪತ್ರ.
– ತಪಾಸಣೆಯಲ್ಲಿ ಫೇಲ್ ಆದಾಗ ಯಾವ ದಿನದಿಂದ ಯಾವ ದಿನದವರೆಗಿನ ಡೇಟಾ ಕೈಬಿಡಲಾಯಿತು.
– ಗುತ್ತಿಗೆದಾರರಿಗೆ ಹಣ ಪಾವತಿಸುವ ಷರತ್ತುಗಳ ಪ್ರತಿ.

ಎರಡನೇ ಪ್ರಶ್ನೆಯನ್ನು ಮರೀಬೇಡಿ. ಪ್ರತಿ ತಿಂಗಳೂ ಹೊಂದಿಸುವ ಮೊದಲೂ 16.7, ನಂತರವೂ 16.7 ಅಂತ ಬಂದರೆ ಖುಷಿಪಡಬೇಡಿ. ನಿಜವಾದ ಯಂತ್ರ ಹಾಗಿರಲ್ಲ. ಒಂದು ತಿಂಗಳು 16.5, ಇನ್ನೊಂದು ತಿಂಗಳು 16.9 ಇರುತ್ತೆ. ಒಂದೇ ಕೈಬರಹ, ಒಂದೇ ಅಂಕಿ, ಒಂದೇ ಪೆನ್ನು ಕಂಡರೆ ನನ್ನಂಥವನೊಬ್ಬ ಗೇಟಿನ ಬಳಿ ಕೂತು ಬರೆದಿದ್ದಾನೆ ಅಂತ ತಿಳ್ಕೊಳ್ಳಿ.

ಜೊತೆಗೆ ಎರಡು ಬೇಡಿಕೆ. ಒಂದು, ಪ್ರತಿ ಕೇಂದ್ರದ ಕೊನೆಯ ತಪಾಸಣೆಯ ದಿನಾಂಕ ಮತ್ತು ಫಲಿತಾಂಶ ಎಕ್ಯೂಐ ಪಕ್ಕದಲ್ಲೇ ಕಾಣಲಿ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4 ಕೇಳದೆಯೇ ಮಾಹಿತಿ ಪ್ರಕಟಿಸಿ ಅನ್ನುತ್ತೆ. ಇದು ಅದಕ್ಕೆ ಹೇಳಿ ಮಾಡಿಸಿದ ವಿಷಯ. ಎರಡು, ತಪಾಸಣೆಗೆ ನಿಂತ ಗಂಟೆಗಳಿಗೆ ಗುತ್ತಿಗೆದಾರರ ಬಿಲ್ ಕಡಿತ ಮಾಡೋದು ನಿಲ್ಲಲಿ, ತಪಾಸಣೆ ಮಾಡದಿದ್ದರೆ ಕಡಿತ ಮಾಡಲಿ. ಮೊದಲನೆಯದಕ್ಕೆ ಹೊಸ ಯಂತ್ರ ಬೇಡ, ಎರಡನೆಯದಕ್ಕೆ ಟೆಂಡರ್‌ನ ಒಂದು ಸಾಲು ಬದಲಾದರೆ ಸಾಕು.

ಕೆಲಸ ಬಿಡುವ ಮೊದಲು ಕೊನೆಯ ಸಲ ಆ ಕೇಂದ್ರಕ್ಕೆ ಹೋದಾಗ ಕಾಕಾ ಎಂದಿನಂತೆ ಕೇಳಿದ್ರು, ಇವತ್ತ ಗಾಳಿ ಹ್ಯಾಂಗದ ಅಂತ. ಬೋರ್ಡ್ ಹಳದಿ ಇತ್ತು. ಅವತ್ತು ಬೆಳಿಗ್ಗೆ ಫ್ಲೋ ನಾನೇ ನೋಡಿದ್ದೆ, 16.6 ಇತ್ತು. "ಇವತ್ತ ಬೋರ್ಡ್ ಖರೇ ಹೇಳಾಕತ್ತದ ಕಾಕಾ, ಆಯಿ ಮನಿಯಾಗ ಇರ್ಲಿ" ಅಂದೆ. "ಅಂದ್ರ ಮೊದಲು ಸುಳ್ಳ ಹೇಳತಿತ್ತೇನು?" ಅಂತ ಅವರು ನಕ್ಕರು.

ನಾನು ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಆ ಉತ್ತರವನ್ನು ಈಗ ಇಲ್ಲಿ ಬರೆದಿದ್ದೇನೆ.